ಹಿರಿ ಅಳಿಯನ ಬೋಟು

ವಾಡಿಯ ಗುರುಲಿಂಗಯ್ಯ ಇಂಗ್ಲೆಂಡ್ ನೋಡಿರಲಿಲ್ಲ.

ಇದೇನು ದೊಡ್ಡ ಕೊರತೆಯಲ್ಲ. ವಾಡಿಯಲ್ಲಿ ಇಂಗ್ಲೆಂಡ್ ನೋಡದವರು ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಉಂಡು, ಫ್ಯಾಕ್ಟರಿಯ ಸೈರನ್ನಿಗೆ ಎದ್ದು ಡ್ಯೂಟಿಗೆ ಹೋಗುತ್ತಾರೆ. ಆದರೆ ಅವರಲ್ಲಿ ಯಾರ ಷಡ್ಡಕನೂ ಇಂಗ್ಲೆಂಡಿಗೆ ಹೋಗಿ ಬಂದಿರಲಿಲ್ಲ. ಗುರುಲಿಂಗಯ್ಯನ ಷಡ್ಡಕ ಹೋಗಿ ಬಂದಿದ್ದ. ಹೋದದ್ದನ್ನು ಸಹಿಸಬಹುದಿತ್ತು. ಬಂದದ್ದು ಕಷ್ಟವಾಯಿತು.

ಷಡ್ಡಕನ ಹೆಸರು ಶರಣಕುಮಾರ. ಗುರುಲಿಂಗಯ್ಯನ ಹೆಂಡತಿ ಲಲಿತಾಬಾಯಿಯ ತಂಗಿಯ ಗಂಡ. ಸೇಡಂನಲ್ಲಿ ಪಂಪ್‌ಸೆಟ್ ಡೀಲರು. ಹೆಚ್ಚು ಪಂಪು ಮಾರಿದ ಡೀಲರುಗಳನ್ನು ಕಂಪನಿ ಒಂದು ವಾರ ಇಂಗ್ಲೆಂಡಿಗೆ ಕರೆದೊಯ್ದಿತ್ತು. ಅದರಲ್ಲಿ ಒಂದು ದಿನ ಅವರನ್ನು ಉದ್ದನೆಯ, ಕಿರಿದಾದ, ಮನೆಯಂಥ ಒಂದು ಬೋಟಿನಲ್ಲಿ ಕೂಡಿಸಿ ಅಂಕುಡೊಂಕಾದ ಹೊಳೆಯೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ತಿರುಗಾಡಿಸಿದರು. ಉಳಿದ ಆರು ದಿನ ಅಲ್ಲಿ ಏನಾಯಿತೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಶರಣಕುಮಾರ ಹೇಳುವುದು ಬೋಟಿನ ಕಥೆಯೊಂದೇ. ತೊಟ್ಟಿಲ ಕಾರ್ಯಕ್ಕೆ ಹೋದರೂ ಅದೇ, ತೀರಿಹೋದವರ ಮನೆಗೆ ಮಾತಾಡಿಸಲು ಹೋದರೂ ಅದೇ. ಮೊದಲ ಸಲ ಹೇಳಿದಾಗ ಆ ಹೊಳೆಗೆ ನಾಲ್ಕು ತಿರುವುಗಳಿದ್ದವು. ದೀಪಾವಳಿಯ ಹೊತ್ತಿಗೆ ಹನ್ನೊಂದಾದವು.

"ಬೋಟ್ ಅಂದ್ರ ನಮ್ಮ ಕಡಿ ಬೋಟ್ ಅಲ್ರೀ," ಎಂದು ಅವನು ಶುರುಮಾಡುತ್ತಿದ್ದ. "ಒಳಗ ಅಡಗಿಮನಿ ಅದ. ಕಿಟಕಿ ಅದಾವ, ಕಿಟಕಿಗೆ ಪರದಾ ಅದಾವ. ಮ್ಯಾಗ ಮಾಳಗಿ ತುಂಬ ಹೂವು. ಬಾಜೂಕ ಬೋಟಿನ ಹೆಸರು ಪೇಂಟ್ ಮಾಡಿರ್ತಾರ. ಮನಷ್ಯಾ ನಡದಷ್ಟೇ ಜೋರು ಹೋಗ್ತದ. ದಂಡ್ಯಾಗಿನ ಜನ ಕೈ ಬೀಸ್ತಾರ. ನಡುವ ನೀರಿಗೇ ಬಾಗಲಾ ಅದಾವ್ರೀ! ಬಾಗಲಾ ತಗದ್ರ ನೀರು ಇಳೀತದ, ನೀರಿನ ಸಂಗಾಟ ಬೋಟೂ ಇಳೀತದ, ಮತ್ತ ಮುಂದ ಹೋಗೂದು."

ಈ ಕಥೆಯಿಂದ ಗುರುಲಿಂಗಯ್ಯನ ಗಾದಿಗೆ ಸಂಚಕಾರ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಲಲಿತಾಬಾಯಿಯ ತವರು ಕಾಗಿಣಾ ಹೊಳೆಯ ದಂಡೆಯ ಕಲ್ಹೊಳಿ. ಆ ಮನೆಯ ಪಡಸಾಲೆಯಲ್ಲಿ ಒಂದು ಗಾದಿ ಇದೆ. ಶುಭಕಾರ್ಯದ ದಿನ ಅದರ ಮೇಲೆ ಹಿರಿ ಅಳಿಯ ಕೂಡಬೇಕು. ಬಂದ ಬೀಗರಿಗೆ ಮೊದಲ ಎಲೆ-ಅಡಿಕೆ ಅವನ ಕೈಯಿಂದಲೇ ಹೋಗಬೇಕು. ಗುರುಲಿಂಗಯ್ಯ ಫ್ಯಾಕ್ಟರಿಯಲ್ಲಿ ಹಾಜರಿ, ಓವರ್‌ಟೈಮಿನ ಲೆಕ್ಕ ಇಡುವ ಟೈಮ್ ಆಫೀಸಿನಲ್ಲಿ ಕ್ಲಾರ್ಕು. ಆಫೀಸಿನಲ್ಲಿ ಅವನ ಕುರ್ಚಿಯನ್ನು ಯಾರು ಬೇಕಾದರೂ ಎಳೆದುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಅವನ ಕುರ್ಚಿಯ ಮೇಲೆ ಒಣಗಿದ ಬಟ್ಟೆಯ ಗುಡ್ಡೆ ಇರುತ್ತಿತ್ತು. ಇಡೀ ಕಲಬುರಗಿ ಜಿಲ್ಲೆಯಲ್ಲಿ ತನ್ನದು ಅಂತ ಅವನಿಗಿದ್ದ ಒಂದೇ ಆಸನ ಕಲ್ಹೊಳಿಯ ಗಾದಿ. ಶರಣಕುಮಾರ ಇಂಗ್ಲೆಂಡಿನಿಂದ ಬಂದ ಮೇಲೆ ಆ ಮನೆಯಲ್ಲಿ ಬಸುರಿಯೊಬ್ಬಳ ಕುಬಸವಾಯಿತು. ಅತ್ತೆ ಶಿವಗಂಗಮ್ಮ, "ಶರಣಕುಮಾರ ಅವರೂ ಅಲ್ಲೇ ಕುಂದರಲಿ, ಫಾರಿನ್ ಕಂಡು ಬಂದಾರ," ಅಂದಳು. ಗಾದಿ ಒಬ್ಬರ ಅಳತೆಗೆ ಹೊಲಿಸಿದ್ದು. ಗುರುಲಿಂಗಯ್ಯ ಒಂದು ತೊಡೆಯನ್ನು ಗಾದಿಯ ಮೇಲೂ ಇನ್ನೊಂದನ್ನು ಬರಿ ನೆಲದ ಮೇಲೂ ಇಟ್ಟುಕೊಂಡು ಇಡೀ ಕುಬಸ ಮುಗಿಸಿದ.

ಊಟದ ಪಂಗ್ತಿಯಲ್ಲಿ ಶರಣಕುಮಾರ ಮತ್ತೆ ಬೋಟು ಹತ್ತಿದ. "ಹನ್ನೆರಡನೇ ತಿರುವಿನಾಗ ಏನಾತಂದ್ರ..."

"ಯಾಕ, ನಮ್ಮ ಕಾಗಿಣಾಕ್ಕ ತಿರುವು ಇಲ್ಲೇನು?" ಎಂದ ಗುರುಲಿಂಗಯ್ಯ.

"ತಿರುವು ಅದಾವ ಅಣ್ಣಾರ. ಬೋಟ್ ಇಲ್ಲ."

ಪಂಗ್ತಿಗೆ ಪಂಗ್ತಿಯೇ ನಕ್ಕಿತು. ಸಾರು ಬಡಿಸುತ್ತಿದ್ದವನೂ ಬಕೀಟು ಕೆಳಗಿಟ್ಟು ನಕ್ಕ. ಗುರುಲಿಂಗಯ್ಯ ಎಲೆಯ ಮುಂದೆ ನೆಟ್ಟಗಾದ.

"ಬೋಟಿಂದೇನು ದೊಡ್ಡ ಮಾತು? ಬರೂ ತಿಂಗಳ ದಾನೇಶ್ವರಿ ನಿಶ್ಚಯ ಅದಲ್ಲ, ಮಳಖೇಡದಿಂದ ಬೋಟಿನಾಗೇ ಬರ್ತೀನಿ. ಮ್ಯಾಗ ಹೂವು, ಬಾಜೂಕ ಹೆಸರು. ನೋಡ್ರಿ ಬೇಕಾದ್ರ."

ದಾನೇಶ್ವರಿ ಶಿವಗಂಗಮ್ಮನ ಮಗನ ಮಗಳು. ಮುದುಕಿ ಕೈಯಲ್ಲಿದ್ದ ತುಪ್ಪದ ಗಿಂಡಿ ಕೆಳಗಿಟ್ಟಳು.

"ಖರೇ ಬರ್ತೀರಿ?"

"ಖರೇ."

"ನೋಡ್ರಿ ಅಳಿಯಂದ್ರ, ಬೀಗರು ಹನ್ನೆರಡಕ್ಕ ಎಲಿ-ಅಡಕಿ ಹಿಡೀತಾರ. ಅದರೊಳಗ ಬೋಟಿನಾಗ ಬಂದ್ರ ಗಾದಿ ಪೂರಾ ನಿಮ್ದೇ. ಬರಲಿಲ್ಲಂದ್ರ ಶರಣಕುಮಾರ ಅವರ ಕೈಲೇ ಕೊಡಸ್ತೀನಿ, ಇನ್ನ ಮ್ಯಾಗೂ ಅವರೇ ಕೊಡ್ತಾರ. ಒಂದು ಗಾದಿ ಮ್ಯಾಗ ಇಬ್ಬರು ಬ್ಯಾಡ. ಛಲೋ ಕಾಣಂಗಿಲ್ಲ."

ವಾಡಿಗೆ ಮರಳುವ ಬಸ್ಸಿನಲ್ಲಿ ಲಲಿತಾಬಾಯಿ ಅಂದಳು: "ಬಚ್ಚಲದಾಗ ನೀರು ಕಟ್ಟಿದ್ರ ಪ್ಲಂಬರ್ ಬರೂತನ ಜಳಕ ಮಾಡಂಗಿಲ್ಲ ನೀವು. ಹೊಳ್ಯಾಗ ಹೋಗ್ತೀರೇನು?"

"ಹೊಳಿ ನನಗ ಅಂಜಬೇಕು," ಎಂದ ಗುರುಲಿಂಗಯ್ಯ. ಈಜು ಬಾರದವರ ಧೈರ್ಯದಲ್ಲಿ ಒಂದು ಶುದ್ಧತೆ ಇರುತ್ತದೆ.

ಬೋಟಿನ ತಳ ಮಾಡಿದವನು ವಾಡಿಯ ವೆಲ್ಡರ್ ಮುನಾಫ. ಅಲ್ಲಿಯವರೆಗೆ ಅವನು ಮಾಡಿದ್ದು ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರಾಲಿ. ಉದ್ದ ಇರಬೇಕು, ಅಗಲ ಇರಬಾರದು, ತೇಲಬೇಕು ಎಂದು ಹೇಳಿದಾಗ ಅವನು ತಲೆಯಾಡಿಸಿ, ಟ್ರಾಲಿಯೊಂದನ್ನು ಎರಡೂ ಕಡೆಯಿಂದ ಹಿಡಿದು ಎಳೆದಂಥದೊಂದು ಆಕಾರ ಮಾಡಿ, ಬದಿಗಳಿಗೆ ಬಾಯಿ ಮುಚ್ಚಿದ ಡ್ರಮ್ಮುಗಳನ್ನು ಬೆಸೆದ. ಒಳಗೆ ನೆಲ ಬೇಕಲ್ಲ? ಶಹಾಬಾದಿನಿಂದ ಫರಸಿ ಕಲ್ಲು ತರಿಸಿ ಹಾಸಿದ. ನಮ್ಮ ಭಾಗದಲ್ಲಿ ನೆಲ ಎಂದರೆ ಶಹಾಬಾದ ಫರಸಿ. ಬೇರೆ ಯಾವುದರಿಂದಲೂ ನೆಲ ಆಗುತ್ತದೆಂದು ಯಾರಿಗೂ ಹೊಳೆಯುವುದಿಲ್ಲ.

"ಮುನಾಫಭಾಯಿ, ಕಲ್ಲು ಮುಳುಗ್ತದಲ್ಲ?"

"ಕಲ್ಲು ಮುಳುಗ್ತದ್ರಿ ಅಯ್ನೋರ, ಡ್ರಮ್ಮು ತೇಲ್ತದ. ಇಬ್ಬರದೂ ಬರೋಬರಿ. ನೀವು ಮಾತ್ರ ಅಲಗಾಡಬ್ಯಾಡ್ರಿ. ಅಲಗಾಡಿದ್ರ ಕಲ್ಲು ಗೆಲ್ತದ."

ಫ್ಯಾಕ್ಟರಿ ಕ್ವಾರ್ಟರ್ಸಿನ ಹೆಣ್ಣುಮಕ್ಕಳು ಸಂಜೆ ಬಂದು ಸುತ್ತಲೂ ತಿರುಗಿ ನೋಡಿ, ಇದು ದನಕ್ಕೆ ನೀರು ಕುಡಿಸುವ ತೊಟ್ಟಿಯೆಂದು ತೀರ್ಮಾನಿಸಿ, ಎಮ್ಮೆ ಯಾವಾಗ ಬರುತ್ತದೆಂದು ಲಲಿತಾಬಾಯಿಯನ್ನು ಕೇಳಿ ಹೋದರು.

ಮೇಲಿನ ಗೂಡು ಮಾಡಲು ಗುರುಲಿಂಗಯ್ಯ ಹೋದದ್ದು ಲಕ್ಷ್ಮಿಕಾಂತನ ಹತ್ತಿರ. ಬಜಾರಿನಲ್ಲಿರುವ ಅವನ ಅಂಗಡಿಯ ಮೇಲೆ "ಎಲ್ಲ ಸಂದರ್ಭಗಳಿಗೂ ಹೂವಿನ ಅಲಂಕಾರ ಮಾಡಿಕೊಡಲಾಗುವುದು" ಎಂದು ಬರೆದಿತ್ತು.

"ಸಣ್ಣ ಮನಿ ಇದ್ದಂಗ ಇರಬೇಕು," ಎಂದು ಗುರುಲಿಂಗಯ್ಯ ಕೈಯಿಂದ ಗಾಳಿಯಲ್ಲಿ ಅಳತೆ ತೋರಿಸಿದ. "ನಾಲ್ಕೂ ಕಡಿ ತೆರದಿರಬೇಕು. ಮ್ಯಾಗ ತುಂಬ ಹೂವು. ಒಬ್ಬಾಂವ ಒಳಗ ನೆಟ್ಟಗ ಕುಂತು ಹೋಗಬೇಕು. ದಾರ್ಯಾಗಿನ ಮಂದಿಗೆ ಮಾರಿ ಕಾಣಬೇಕು."

ಲಕ್ಷ್ಮಿಕಾಂತ ಧ್ವನಿ ತಗ್ಗಿಸಿದ. ಅದು ಅವನ ಕಸುಬಿನ ಧ್ವನಿ. "ಯಾರಿಗ್ರಿ?"

"ನನಗೇ."

ಲಕ್ಷ್ಮಿಕಾಂತ ಅವನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದ. "ಮೊದಲೇ ಹೇಳಿ ಮಾಡಸೂದು ಭಾಳ ಛಲೋರಿ. ಆಮ್ಯಾಲ ಮನ್ಯಾಗಿನವರಿಗೆ ಓಡಾಟ ಆಗ್ತದ. ಅವಸರ ಏನಿಲ್ಲಲ್ರಿ?"

"ಹದಿನೆಂಟನೇ ತಾರೀಖಿಗೆ ಬೇಕು."

"ತಾರೀಖೂ ಗೊತ್ತದೇನ್ರಿ?" ಲಕ್ಷ್ಮಿಕಾಂತ ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ಮುಂಜಾನಿ ಎಂಟಕ್ಕ ಮಳಖೇಡದ ಬ್ರಿಜ್ ಹತ್ತಿರ ಬಂದು ನೀನೇ ಕೂಡಿಸಿ ಕೊಡು. ಹೊಳ್ಯಾಗ ಹೋಗಬೇಕಂತ ಭಾಳ ದಿನದ ಆಸೆ ಅದ."

ಲಕ್ಷ್ಮಿಕಾಂತ ಮುಂಗಡ ತೆಗೆದುಕೊಳ್ಳಲಿಲ್ಲ. ಇಂಥವರ ಹತ್ತಿರ ತೆಗೆದುಕೊಳ್ಳಲು ಮನಸ್ಸಾಗುವುದಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿ, ಹೂವಿನಿಂದ ಮುಚ್ಚಿದ ಗೂಡಿನಂಥ ವಿಮಾನದಲ್ಲಿ ನೆಟ್ಟಗೆ ಕೂಡಿಸಿ, ವಾಲದಂತೆ ಬೆನ್ನ ಹಿಂದಿನ ಕಟ್ಟಿಗೆಗೆ ಬಟ್ಟೆಯಿಂದ ಕಟ್ಟಿ, ಹೆಗಲ ಮೇಲೆ ಒಯ್ಯುತ್ತಾರೆ. ಲಕ್ಷ್ಮಿಕಾಂತನ ಕೈ ಅದರಲ್ಲಿ ಪಳಗಿತ್ತು. ಗುರುಲಿಂಗಯ್ಯನೂ ಎಷ್ಟೋ ವಿಮಾನಗಳಿಗೆ ಹೆಗಲು ಕೊಟ್ಟಿದ್ದ. ಆದರೆ ಹೆಗಲು ಕೊಡುವವನು ಅದನ್ನು ಕೆಳಗಿನಿಂದ ನೋಡಿರುತ್ತಾನೆ, ಒಳಗಿನಿಂದ ನೋಡಿರುವುದಿಲ್ಲ.

ಹದಿನೆಂಟರ ಬೆಳಿಗ್ಗೆ ಮಳಖೇಡದ ಬ್ರಿಜ್ ಕೆಳಗೆ ಗೂಡನ್ನು ಬೋಟಿಗೆ ಬಿಗಿಯುವಾಗ ಅವನಿಗೆ ಸಣ್ಣ ಅನುಮಾನ ಬಂತು.

"ಇದು ಎಲ್ಲೋ ನೋಡಿದಂಗ ಅದಲ್ಲ ಲಕ್ಷ್ಮಿಕಾಂತ?"

"ಎಲ್ಲಾರೂ ನೋಡಿರ್ತಾರ್ರೀ," ಎಂದ ಲಕ್ಷ್ಮಿಕಾಂತ, ಮೆಲ್ಲಗೆ. ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಗುರುಲಿಂಗಯ್ಯನ ಎದೆಗೆ ಸುತ್ತಿ ಹಿಂದಿನ ಕಟ್ಟಿಗೆಗೆ ಗಂಟು ಹಾಕಿದ. ಗುರುಲಿಂಗಯ್ಯ ಅದನ್ನು ಸೀಟ್ ಬೆಲ್ಟ್ ಎಂದುಕೊಂಡು ಸಂತೋಷಪಟ್ಟ. ಶುಭ್ರ ಧೋತರ, ರುಮಾಲು, ಹಣೆಯ ತುಂಬ ವಿಭೂತಿ. ಕ್ವಾರ್ಟರ್ಸಿನವರು ಬೀಳ್ಕೊಡಲು ಹಾಕಿದ ಚೆಂಡುಹೂವಿನ ಹಾರ. ಬೋಟಿನ ಬದಿಗೆ ಹೆಸರು ಬರೆಯಲು ಹೇಳಿದ್ದಕ್ಕೆ ಪೇಂಟರು "ಶ್ರೀ ಗುರುಲಿಂಗಯ್ಯನವರು" ಎಂದು ದಪ್ಪಗೆ ಬರೆದು, ಜಾಗ ಉಳಿದಿತ್ತೆಂದು ಕೆಳಗೆ ಅಂದಿನ ತಾರೀಖನ್ನೂ ಬರೆದಿದ್ದ.

ಬೋಟು ನಡೆಸುವವನು ವಿಠೋಬಾ. ಥರ್ಮಾಕೋಲಿನ ತುಂಡಿನ ಮೇಲೆ ಕುಳಿತು ಕಾಗಿಣಾದಲ್ಲಿ ಬಲೆ ಬಿಡುವವನು. ಬಾಯಲ್ಲಿ ತಂಬಾಕು, ಕೈಯಲ್ಲಿ ಉದ್ದ ಬಿದಿರು. ಅವನು ಬಿದಿರನ್ನು ನೆಲಕ್ಕೆ ಊರಿ ಒತ್ತಿದ. ಬೋಟು ತೇಲಿತು. ಅದನ್ನು ಟ್ರ್ಯಾಕ್ಟರಿನಲ್ಲಿ ತಂದು ಇಳಿಸಿದ್ದ ಮುನಾಫನಿಗೇ ಆಶ್ಚರ್ಯವಾಯಿತು.

ಮೊದಲ ತಿರುವಿನವರೆಗೆ ಗುರುಲಿಂಗಯ್ಯ ಕಣ್ಣು ತೆರೆಯಲಿಲ್ಲ. ತೆರೆದಾಗ ಕಾಗಿಣಾ ಚೆನ್ನಾಗಿತ್ತು. ಮುಂದಿನ ಬ್ಯಾರೇಜಿನಿಂದಾಗಿ ನೀರು ತುಂಬಿ, ನಿಂತಂತೆ ಹರಿಯುತ್ತಿತ್ತು. ಎರಡೂ ದಂಡೆಗೆ ತೊಗರಿ ಕಾಯಿ ಕಟ್ಟಿ ನಿಂತಿತ್ತು. ದೂರದ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ ಬರುತ್ತಿತ್ತು. ಹೊಳೆ ಅಷ್ಟು ಡೊಂಕು.

"ವಿಠೋಬಾ, ತಿರುವು ಎಣಿಸ್ಕೊಂತ ನಡಿ."

"ನೀರು ಹೊಂಟ ಕಡಿ ಹೊಂಟೀನ್ರಿ. ಎಣಸೂದು ನೀವೇ ನೋಡ್ಕೋರಿ."

ನಾಲ್ಕನೇ ತಿರುವಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಂಡರು. ಅವರು ಬೋಟನ್ನು ನೋಡಿದ್ದೇ ಬಟ್ಟೆ ಕೈಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದರು. ಗುರುಲಿಂಗಯ್ಯನ ಎದೆ ಬಟ್ಟೆಯ ಪಟ್ಟಿಯೊಳಗೆ ಉಬ್ಬಿತು. ತಿರುಗಿ ಕೈ ಮುಗಿಯೋಣವೆಂದರೆ ಮುನಾಫನ ಕಲ್ಲು ನೆನಪಾಯಿತು. ಹಾಗೇ ಕಂಬದಂತೆ ಕುಳಿತ.

"ನೋಡಿದೇನು ವಿಠೋಬಾ? ಇಂಗ್ಲೆಂಡಿನಾಗ ಬರೇ ಕೈ ಬೀಸ್ತಾರ. ನಮ್ಮ ಮಂದಿ ಕೈ ಮುಗೀತಾರ. ಇದಕ್ಕ ಸಂಸ್ಕೃತಿ ಅಂತಾರ."

ಆರನೆಯದರಲ್ಲಿ ಹೊಲದ ರಾಶಿ ಮಾಡುತ್ತಿದ್ದವರು ಚಪ್ಪಲಿ ಬಿಟ್ಟು ದಂಡೆಗೆ ಬಂದರು. ಒಬ್ಬ ತಲೆಯ ಟವೆಲ್ ತೆಗೆದ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಅಷ್ಟೊಂದು ಸಂಸ್ಕೃತಿ ಯಾಕೆ ಎಂದು ಗುರುಲಿಂಗಯ್ಯನಿಗೆ ಅನಿಸಿತು. ಎಂಟನೆಯ ತಿರುವಿನಲ್ಲಿ ಹೊಳೆ ಕಿರಿದಾಗಿ ದಂಡೆ ಹತ್ತಿರ ಬಂದಾಗ ಮಾತು ಕಿವಿಗೆ ಬಿತ್ತು.

"ಮಾರಿ ಮ್ಯಾಗ ಕಳೆ ನೋಡವ್ವಾ. ಮಲಗಿ ಎದ್ದವರಂಗ ಅದಾರ."

"ಇವತ್ತೇ ಹೋಗ್ಯಾರ. ತಾರೀಖು ಬರದಾರ ನೋಡು."

ಗುರುಲಿಂಗಯ್ಯ ಮೇಲಿನ ಹೂವು ನೋಡಿದ. ಎದೆಯ ಬಟ್ಟೆ ನೋಡಿದ. ಗೂಡನ್ನು ಎಲ್ಲಿ ನೋಡಿದ್ದೆನೆಂಬುದು ಆಗ ನೆನಪಾಯಿತು.

"ವಿಠೋಬಾ! ಇವರು ನನ್ನ ಹೆಣ ಅಂತ ತಿಳಕೊಂಡಾರ!"

"ಮಳಖೇಡ ದಾಟಿದ ಮ್ಯಾಲಿಂದ ಹಂಗೇ ತಿಳಕೊಂಡಾರ್ರಿ," ಎಂದ ವಿಠೋಬಾ. "ಮೀನಗಾರರು ಬಲಿ ಎತ್ತಿ ದಾರಿ ಬಿಡಾಕತ್ತಾರ. ನನಗೇನೂ ತೊಂದ್ರಿಲ್ಲ. ಇಕಾ ನೋಡ್ರಿ, ಬ್ಯಾರೇಜ್ ಬಂತು."

ಬ್ಯಾರೇಜು ನದಿಯನ್ನು ಈ ದಂಡೆಯಿಂದ ಆ ದಂಡೆಗೆ ಕಟ್ಟಿದ ಗೋಡೆ. ಕಬ್ಬಿಣದ ಹಲಗೆಗಳನ್ನು ಕೂಡಿಸಿ ನೀರು ನಿಲ್ಲಿಸಿದ್ದರು. ಗುರುಲಿಂಗಯ್ಯನ ಲೆಕ್ಕ ಬೇರೆಯಿತ್ತು.

"ಬಾಗಲಾ ತಗಿ ಅನ್ನು."

"ಯಾವ ಬಾಗಲಾ?"

"ನೀರಿಂದು. ತಗದ್ರ ನೀರು ಇಳೀತದ, ನಾವೂ ಇಳೀತೀವಿ."

"ತಗದ್ರ ನೀರು ಪೂರಾ ಶಹಾಬಾದ ಕಡಿ ಹೋಗ್ತದ್ರಿ. ಹಿಂದಿಂದ ನಾಲ್ಕು ಊರಿನ ಮಂದಿ ಬಡಿಗಿ ತೊಗೊಂಡು ಬರ್ತಾರ."

"ಮತ್ತ ಮೊದಲೇ ಹೇಳಬೇಕಿಲ್ಲೋ?"

"ನೀವು ಬ್ಯಾರೇಜ್ ತನಾನೇ ಅಂತ ತಿಳದಿದ್ದೆ. ಅದರ ಆಚಿ ಬೋಟ್ ಯಾಂವ ಒಯ್ತಾನ್ರಿ?"

ವಿಠೋಬಾ ಬೋಟನ್ನು ದಂಡೆಗೆ ಹಚ್ಚಿದ. ಹನ್ನೊಂದಾಗುತ್ತ ಬಂದಿತ್ತು. ಬ್ಯಾರೇಜಿನ ಮೇಲೆ ಆಗಲೇ ಜನ ಸೇರಿದ್ದರು. ಹಿಂದಿನ ತಿರುವುಗಳಿಂದ ಫೋನು ಬಂದಿರಬೇಕು. ದಪ್ಪ ಮೀಸೆಯ, ಹೆಗಲ ಮೇಲೆ ಟವೆಲಿನ ಒಬ್ಬ ಹಿರಿಯ ಮುಂದೆ ಬಂದು ಕೇಳಿದ:

"ಎಲ್ಲಿಗಪ್ಪ ಒಯ್ಯೂದು ಅಯ್ನೋರನ್ನ?"

ತಾನು ಬದುಕಿದ್ದೇನೆ ಎಂದು ಹೇಳಲು ಗುರುಲಿಂಗಯ್ಯ ಬಾಯಿ ತೆರೆಯುವವನಿದ್ದ. ವಿಠೋಬಾ ಬಿದಿರಿಗೆ ಬಗ್ಗಿದಂತೆ ಮಾಡಿ ಕಿವಿಯಲ್ಲಿ ಅಂದ: "ಜೀವಂತ ಅದೀನಿ ಅಂದ್ರ ಈ ಕಲ್ಲಿನ ಬೋಟ್ ಯಾಂವ ಎತ್ತತಾನ್ರಿ? ಹೆಣ ಅಂದ್ರ ಹೆಗಲು ಕೊಡಂಗಿಲ್ಲ ಅನ್ನಾಕ ಯಾರಿಗೂ ಬರಂಗಿಲ್ಲ. ಆಚಿ ಕಡಿ ಇಳಸಲಿ, ನಾವು ನಮ್ಮ ದಾರಿ ಹಿಡಿಯೂಣು."

ಗುರುಲಿಂಗಯ್ಯನ ಕಣ್ಣ ಮುಂದೆ ಗಾದಿ ಬಂತು. ಅದರ ನಟ್ಟನಡುವೆ, ಎರಡೂ ತೊಡೆ ಚಾಚಿ ಕುಳಿತ ಶರಣಕುಮಾರನೂ ಬಂದ. ಗುರುಲಿಂಗಯ್ಯ ಬಾಯಿ ಮುಚ್ಚಿದ. ಕಣ್ಣೂ ಮುಚ್ಚಿದ.

"ಕಲ್ಹೊಳಿಗ್ರಿ," ಎಂದು ವಿಠೋಬಾ ಹಿರಿಯನಿಗೆ ಹೇಳಿದ. "ಹನ್ನೆರಡರೊಳಗ ಮುಟ್ಟಬೇಕು."

"ಮಣ್ಣು ಹನ್ನೆರಡಕ್ಕೇನು? ಏ ಹುಡುಗರಾ, ಬರ್ರೆಪ್ಪಾ, ಹೆಗಲು ಕೊಡ್ರಿ!"

ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ಅದರ ಮೇಲೆ ತಲಾಠಿ, ಅಂದರೆ ಗ್ರಾಮಲೆಕ್ಕಿಗ, ಸಂಘಪಾಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ, ಮೂರು ಹಳ್ಳಿಗಳ ಚಾರ್ಜು, ಎರಡು ಫೋನು. ಅವನು ಜನರನ್ನು ಸರಿಸಿ ಬೋಟಿನ ಹತ್ತಿರ ಬಂದು, ಫೋಟೋ ತೆಗೆದು, ಇಲಾಖೆಯ ಗ್ರೂಪಿಗೆ ಹಾಕಿ, ಆಮೇಲೆ ಬಗ್ಗಿ ಮುಖ ನೋಡಿದ. ಹೆಣದ ಎಡಗಣ್ಣು ಅರ್ಧ ತೆರೆಯಿತು.

"ಸಾಹೇಬ್ರ," ಎಂದು ಹೆಣ ಪಿಸುಗುಟ್ಟಿತು, "ಒಂದು ತಾಸು ಬಿಟ್ಟುಬಿಡ್ರಿ."

ಸಂಘಪಾಲ ಬೆಚ್ಚಲಿಲ್ಲ. ಕಂದಾಯ ಇಲಾಖೆಯಲ್ಲಿ ಸತ್ತವರು ಬದುಕಿರುವುದು, ಬದುಕಿದವರು ಸತ್ತಿರುವುದು ಎರಡೂ ಅವನಿಗೆ ರೂಢಿ. ಅವನೂ ಪಿಸುಗುಟ್ಟಿದ:

"ನೋಡ್ರಿ ಕಾಕಾ. ನೀವು ಜೀವಂತ ಅದೀರಿ ಅಂದ್ರ ಬೋಟಿಗೆ ಪರ್ಮಿಷನ್ ಬೇಕು. ನೀರಾವರಿಯವರು, ಪೊಲೀಸರು, ತಹಶೀಲ್ದಾರರು, ಲೈಫ್ ಜಾಕೆಟ್. ತೀರಿಕೊಂಡೀರಿ ಅಂದ್ರ ಏನೂ ಬೇಕಾಗಿಲ್ಲ, ಬ್ಯಾರೇಜ್ ದಾಟಿದ್ರ ನನ್ನ ಹದ್ದೂ ಮುಗೀತದ. ಯಾವುದು ತಿಳಕೊಳ್ಳಲಿ?"

"ತೀರಿಕೊಂಡೀನಿ."

"ಛಲೋ ಆತು." ಸಂಘಪಾಲ ಎದ್ದು ನಿಂತು ಗಟ್ಟಿಯಾಗಿ ಹೇಳಿದ: "ಎತ್ರಿ, ಎತ್ರಿ! ಜಲ್ದಿ ಆಚಿ ಕಡಿ ಒಯ್ರಿ! ಇಲ್ಲಿ ಇಳಸಬ್ಯಾಡ್ರಿ!"

ಹತ್ತು ಜನ ಬಗ್ಗಿದರು. ಬೋಟು ಏಳಲಿಲ್ಲ. ಇನ್ನೂ ಹತ್ತು ಜನ ಬಂದರು. ಆಗ ಹಾರ ಅಲುಗಾಡಿ ಬೋಟು ಮೇಲೆದ್ದಿತು.

"ಯಪ್ಪಾ! ಇಷ್ಟ್ಯಾಕ ವಜನ?" ಎಂದ ಮುಂದಿನವನು.

"ಪುಣ್ಯ ಭಾಳ ಮಾಡ್ಯಾರ," ಎಂದ ಹಿರಿಯ.

"ಪುಣ್ಯಕ್ಕ ವಜನ ಎಲ್ಲಿರ್ತದ ಕಾಕಾ? ಇದು ಬ್ಯಾರೇನೇ ಇರಬೇಕು."

"ಟೈಮ್ ಆಫೀಸಿನಾಗ ಕೆಲಸ ಇತ್ತಂತ," ಎಂದು ವಿಠೋಬಾ ಹಿಂದಿನಿಂದ ಹೇಳಿದ.

"ಹಾಂ, ಹಂಗಾದ್ರ ಲೇಬರ್ ಮಂದೀದು ಓಟಿ ಕಟ್ ಮಾಡಿರಬೇಕು. ಅದರ ವಜನ."

ಗುರುಲಿಂಗಯ್ಯ ತನ್ನ ಸೇವಾವಧಿಯಲ್ಲಿ ಯಾರ ಓಟಿಯನ್ನೂ ಕಟ್ ಮಾಡಿರಲಿಲ್ಲ. ಆದರೆ ಉತ್ತರ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ತನ್ನ ಪಾಪಪುಣ್ಯಗಳ ತೂಕವನ್ನು ಇಪ್ಪತ್ತು ಜನ ಚರ್ಚಿಸುವುದನ್ನು ಬ್ಯಾರೇಜಿನ ಉದ್ದಕ್ಕೂ ಕಣ್ಣು ಮುಚ್ಚಿ ಕೇಳಿದ.

ಆಚೆ ಕಡೆ ಇಳಿಸೋಣವೆಂದರೆ ಅಲ್ಲಿ ನೀರೇ ಇರಲಿಲ್ಲ. ಇದ್ದದ್ದು ಕಲ್ಲು, ಜಾಲಿ, ಮೊಳಕಾಲುದ್ದದ ಗುಂಡಿಗಳು, ಅದರಲ್ಲಿ ಕುಳಿತ ಎಮ್ಮೆಗಳು. ನೀರನ್ನೆಲ್ಲ ಬ್ಯಾರೇಜು ಹಿಂದೆ ಹಿಡಿದುಕೊಂಡಿತ್ತು. ಅದಕ್ಕೇ ಅದನ್ನು ಕಟ್ಟಿದ್ದರು.

"ಎಲ್ಲಿ ಇಳಸೂದ್ರಿ ಇಲ್ಲಿ? ಇನ್ನೆಷ್ಟು ದೂರ ಅದ ಕಲ್ಹೊಳಿ," ಎಂದ ಹಿರಿಯ. "ರೋಡಿಗೆ ಹತ್ರಿ, ಹಿಂಗೇ ಒಯ್ಯೂಣು. ಪಾಪ, ಹೊತ್ತಿಗೆ ಮುಟ್ಟಲಿ. ಹಲಗಿ ಬಾರಸಾವ್ರಿಗೆ ಫೋನ್ ಹಚ್ಚು."

ಹೀಗೆ ಇಂಗ್ಲೆಂಡ್ ಮಾದರಿಯ ಬೋಟು ಕಲ್ಹೊಳಿ ಕೂಡುರಸ್ತೆಯ ಮೇಲೆ, ನೆಲದಿಂದ ಐದಡಿ ಎತ್ತರದಲ್ಲಿ, ಹಲಗೆಯ ಬಡಿತಕ್ಕೆ ತೂಗುತ್ತ, ಮನುಷ್ಯ ನಡೆದಷ್ಟೇ ವೇಗದಲ್ಲಿ ಹೊರಟಿತು.

ಇತ್ತ ಕಲ್ಹೊಳಿಯಲ್ಲಿ ಸಂಘಪಾಲನ ಫೋಟೋ ಇಲಾಖೆಯ ಗ್ರೂಪಿನಿಂದ ಹಾರಿ, ಯಾರೋ ಮೇಲೆ "ಓಂ ಶಾಂತಿ, ಕಲ್ಹೊಳಿ ಕಡೆ ಪಯಣ" ಎಂದು ಬರೆದು, ಹನ್ನೊಂದೂಕಾಲಕ್ಕೆ ಶರಣಕುಮಾರನ ಫೋನಿಗೆ ಬಂದು ಬಿದ್ದಿತು. ಬೀಗರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಅವನು ಫೋನನ್ನು ಅಡಿಗೆಮನೆಗೆ ಒಯ್ದು ಹೆಂಗಸರಿಗೆ ತೋರಿಸಿದ. ಎಲ್ಲರೂ ಬಾಯಿಗೆ ಸೆರಗು ಒತ್ತಿಕೊಂಡರು. ಹಿಂದಿನ ದಿನವೇ ಬಂದಿದ್ದ ಲಲಿತಾಬಾಯಿ ಹೋಳಿಗೆ ತಟ್ಟುತ್ತಿದ್ದವಳು ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದಳು.

"ಏನೂ ಆಗಿಲ್ಲ," ಎಂದು ಫೋನು ತಿರುಗಿ ಕೊಟ್ಟಳು. "ಫೋಟೋಕ್ಕ ಹೊಟ್ಟಿ ಒಳಗ ಎಳಕೊಂಡಾರ. ಸತ್ತವರು ಎಳಕೊಳ್ಳಂಗಿಲ್ಲ."

"ಪಾಪ, ತಲಿಗೆ ಏರೇದ," ಎಂದು ಹೆಂಗಸರು ಅವಳನ್ನು ಹಿಡಿದು ಕೂಡಿಸಿದರು. ಅವಳು ಎದ್ದು ಹೋಗಿ ಮತ್ತೆ ಹೋಳಿಗೆ ತಟ್ಟತೊಡಗಿದಳು. ಅದನ್ನು ನೋಡಿ ಅವರಿಗೆ ಇನ್ನೂ ಅಳು ಬಂತು.

"ನಿಶ್ಚಯ ಮುಂದ ಹಾಕೂಣೇನ್ರಿ ಅತ್ತಿ?" ಎಂದ ಶರಣಕುಮಾರ.

ಶಿವಗಂಗಮ್ಮ ಒಂದು ಕ್ಷಣ ಗೋಡೆಗೆ ಒರಗಿ ನಿಂತಳು. ಕಣ್ಣು ಒರೆಸಿಕೊಂಡಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಯಾಕ ಮುಂದ? ನಮ್ಮೊಳಗ ಸೂತಕ ಇಲ್ಲ. ಬಸವಣ್ಣನೋರು ಯಾವಾಗೋ ತಗದು ಒಗದಾರ. ಬೀಗರು ಬಂದು ಕುಂತಾರ, ಅಡಗಿ ಆಗೇದ. ಹೆಣ ಬರೂದ್ರೊಳಗ ಎಲಿ-ಅಡಕಿ ಮುಗಸ್ರಿ, ಆಮ್ಯಾಲ ಕುಂತು ಅಳೂಣು. ಶರಣಕುಮಾರ ಅವರ, ಗಾದಿ ಮ್ಯಾಗ ಕುಂದ್ರಿ. ಇನ್ನ ನೀವೇ ಹಿರೇರು."

ಹನ್ನೊಂದೂವರೆಗೆ ಶರಣಕುಮಾರ ಗಾದಿಯ ಮೇಲೆ ಕುಳಿತು ಬೀಗರಿಗೆ ಮೊದಲ ಎಲೆ-ಅಡಿಕೆ ಕೊಟ್ಟ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ ಓಣಿಯ ತುದಿಯಲ್ಲಿ ಹಲಗೆಯ ಸದ್ದು ಕೇಳಿತು.

ಬೋಟು ಅಂಗಳಕ್ಕೆ ಬಂದಿತು. ಇಪ್ಪತ್ತು ಜನ ಬೆವರು ಸುರಿಸುತ್ತ ಹೊತ್ತು ನಿಂತಿದ್ದರು. ಹಲಗೆ ನಿಂತಿತು. ಬೀಗರು ಬಾಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡೇ ಎದ್ದು ನಿಂತರು. ಗುರುಲಿಂಗಯ್ಯ ಕಣ್ಣ ಸಂದಿಯಿಂದ ಗೋಡೆಯ ಗಡಿಯಾರ ನೋಡಿದ. ಗೆದ್ದಿದ್ದ. ಬೋಟನ್ನು ಮೆಲ್ಲಗೆ ಇಳಿಸಿದ ಮೇಲೆ ಎದ್ದು ಎಲ್ಲರಿಗೂ ತಿಳಿಸಿ ಹೇಳಿದರಾಯಿತು ಎಂದು ಲೆಕ್ಕ ಹಾಕಿದ. ಆದರೆ ಇಳಿಸುವ ಮೊದಲು ಮನೆಯ ಹಿರಿಯರು ಎರಡು ಮಾತು ಆಡುವ ಪದ್ಧತಿ ಇದೆ. ಶರಣಕುಮಾರ ಗಾದಿಯಿಂದ ಎದ್ದು ಹೊಸ್ತಿಲಿಗೆ ಬಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ನಮ್ಮ ಅಣ್ಣಾರು ಮುಗ್ಧ ಮನಷ್ಯಾ," ಎಂದು ಅವನು ಗಂಟಲು ಸರಿಮಾಡಿಕೊಂಡ. "ನಾನು ಇಂಗ್ಲೆಂಡಿನಾಗ ಬೋಟಿನಾಗ ಕುಂತಾಗ..."

ಗುರುಲಿಂಗಯ್ಯನ ಕೆನ್ನೆ ಅದುರಿತು.

"...ಹದಿನೇಳನೇ ತಿರುವಿನಾಗ ಅಣ್ಣಾರ ನೆನಪಾತು. ಅವರಿಗೆ ಬೋಟಿನ ಬಗ್ಗೆ ಏನೂ ತಿಳೀತಿರಲಿಲ್ಲ. ಈಗ ನೋಡ್ರಿ, ಇದು ಬೋಟೇನು? ಅಲ್ಲಿ ಬೋಟಿನ ಮ್ಯಾಗ ಹಿಂಗ ಹೂವು ಇರಂಗೇ ಇಲ್ಲ."

"ಸುಳ್ಳು!" ಎಂದು ಹೆಣ ಕೂಗಿತು. "ಮಾಳಗಿ ತುಂಬ ಹೂವು ಇರ್ತಾವಂತ ನೀನೇ ಹೇಳಿದ್ದಿ! ಹದಿನೇಳು ತಿರುವು ಯಾವಾಗ ಆದವು ಲೇ?"

ಇಪ್ಪತ್ತು ಹೆಗಲುಗಳು ಒಂದೇ ಸಲಕ್ಕೆ ಜಾರಿಕೊಂಡವು. ಬೋಟು ಅಂಗಳದ ಕಲ್ಲಿನ ಮೇಲೆ ಬಿದ್ದಿತು. ಡ್ರಮ್ಮುಗಳು ಬಿಚ್ಚಿಕೊಂಡು ಓಣಿಯಲ್ಲಿ ಉರುಳಿದವು. ಫರಸಿ ಒಡೆದ ಸದ್ದಿಗೆ ಹಲಗೆಯವರು ಇನ್ನೊಂದು ಸಲ ಬಾರಿಸಿ ಓಡಿದರು. ಧೂಳು ಇಳಿದಾಗ ಗುರುಲಿಂಗಯ್ಯ ಕಟ್ಟಿಗೆಗೆ ಕಟ್ಟಿಸಿಕೊಂಡು, ಹೂವಿನ ನಡುವೆ, ಹಾಗೇ ನೆಟ್ಟಗೆ ಕುಳಿತಿದ್ದ. ಲಕ್ಷ್ಮಿಕಾಂತನ ಗಂಟು ಅಂಥದು.

ಮೊದಲು ಮಾತಾಡಿದವನು ಬ್ಯಾರೇಜಿನ ಹಿರಿಯ. ಅವನು ಹೆಗಲು ತಿಕ್ಕಿಕೊಳ್ಳುತ್ತ ಬೋಟಿನ ಒಳಗೆ ಇಣುಕಿದ.

"ಕಲ್ಲು! ಪುಣ್ಯ ಅಲ್ಲ, ಪಾಪ ಅಲ್ಲ, ಫರಸಿ! ಕೇಳ್ರಿ ಅಯ್ನೋರ. ಹೆಗಲು ಕೊಟ್ಟದ್ದು ಕೊಟ್ಟಂಗ, ಅದನ್ನ ತಿರುಗಿ ಇಸ್ಕೊಳ್ಳಾಕ ಬರಂಗಿಲ್ಲ. ನಾಳೆ ನಿಮಗ ಖರೇ ಹೊತ್ತು ಬಂದಾಗ ನಮ್ಮೂರವರನ್ನ ಕರಿಬ್ಯಾಡ್ರಿ. ನಮ್ಮ ಪಾಲಿಂದು ಮುಗದದ."

"ಅತ್ತಿ!" ಎಂದು ಗುರುಲಿಂಗಯ್ಯ ಕೂಗಿದ. "ಗಡಿಯಾರ ನೋಡ್ರಿ! ಹನ್ನೆರಡರೊಳಗ ಬಂದೀನಿ. ಬೋಟಿನಾಗೇ ಬಂದೀನಿ. ಗಾದಿ ನಂದು!"

ಶಿವಗಂಗಮ್ಮ ಹತ್ತಿರ ಬಂದು ಅವನ ಹಣೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀವು ಉಳದದ್ದು ಭಾಳ ಛಲೋ ಆತು ಅಳಿಯಂದ್ರ. ಆದ್ರ ನೀವು ಬೋಟಿನಾಗ ಬಂದೀರಿ, ಬೋಟು ಮಂದಿ ಮ್ಯಾಗ ಬಂದದ. ಮತ್ತ ಎಲಿ-ಅಡಕಿ ಕೊಟ್ಟಾಗೇದ. ಒಂದು ಹುಡುಗಿಗೆ ಎರಡು ಸಲ ನಿಶ್ಚಯ ಮಾಡಾಕ ಬರತದೇನು? ಏಳ್ರಿ, ಊಟಕ್ಕ ಕುಂದ್ರಿ. ಪಾಪ, ಈ ಮಂದೀನೂ ಹಸದಾರ."

ಶರಣಕುಮಾರ ಕಣ್ಣೊರೆಸಿಕೊಂಡು ಗಾದಿಗೆ ಮರಳಿದ. ಈ ಸಲ ನಟ್ಟನಡುವೆ ಕುಳಿತ. ಬೀಗರು ಅವನಿಗೆ ಆ ಇಂಗ್ಲೆಂಡಿನ ಬೋಟು ಹೇಗಿರುತ್ತದೆಂದು ಕೇಳಿದರು.

ಹೊತ್ತವರನ್ನು ಕೊನೆಯ ಪಂಗ್ತಿಗೆ ಕೂಡಿಸಿದರು. ಗುರುಲಿಂಗಯ್ಯನಿಗೂ ಅಲ್ಲೇ, ವಿಠೋಬಾ ಮತ್ತು ಹಿರಿಯನ ನಡುವೆ, ಎಲೆ ಹಾಕಿದರು. ಲಲಿತಾಬಾಯಿ ಬಂದು ಎರಡು ಹೋಳಿಗೆ ಇಟ್ಟು ತುಪ್ಪ ಸುರಿದಳು.

"ಹೊಟ್ಟಿ ಬಿಡ್ರಿ ಈಗರೆ," ಅಂದಳು.

ಅಂದಿನ ಹಾನಿ ಇಷ್ಟು: ಬೋಟು ಒಂದು, ಡ್ರಮ್ಮು ಎಂಟು, ಫರಸಿ ಆರು, ಧೋತರ ಒಂದು, ಹೆಗಲು ಇಪ್ಪತ್ತು, ಗಾದಿ ಒಂದು.